ಹರಿಕೇನ್‌ಗೆ ದರ್ಜೆ ಕೊಡುವುದು ಹೇಗೆ?

ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಎದ್ದಿತೆಂದರೆ ಹಡಗುಗಳು ದಾರಿ ಬದಲಿಸುತ್ತವೆ. ಅಮೆರಿಕದ ಕೆಲವು ವಿಮಾನಗಳು ಮಾತ್ರ ಬೇಕೆಂದೇ ಅದರೊಳಗೆ ನುಗ್ಗುತ್ತವೆ. ಒಳಹೊಕ್ಕವರು ಮೊಳದುದ್ದದ ಕೊಳವೆಯೊಂದನ್ನು ಕೆಳಕ್ಕೆ ಬಿಡುತ್ತಾರೆ. ಅದರ ಹೆಸರು ಡ್ರಾಪ್‌ಸಾಂಡ್. ಪುಟ್ಟ ಪ್ಯಾರಾಚೂಟಿಗೆ ಜೋತುಬಿದ್ದು ಸಮುದ್ರ ಸೇರುವ ತನಕ ಅದು ಗಾಳಿಯ ವೇಗ, ಒತ್ತಡ, ಉಷ್ಣಾಂಶ, ತೇವಾಂಶಗಳನ್ನು ರೇಡಿಯೊದಲ್ಲಿ ತಿಳಿಸುತ್ತಲೇ ಇರುತ್ತದೆ.

ಈ ಮಾಹಿತಿಯಿಂದ, ಉಪಗ್ರಹ ಚಿತ್ರಗಳಿಂದ ತಜ್ಞರು ಹುಡುಕುವುದು ಒಂದೇ ಸಂಖ್ಯೆ: 10 ಮೀಟರ್ ಎತ್ತರದಲ್ಲಿ ಒಂದು ನಿಮಿಷದ ಸರಾಸರಿ ಗಾಳಿವೇಗ. ಎಂಜಿನಿಯರ್ ಹರ್ಬರ್ಟ್ ಸಫಿರ್ ಮತ್ತು ಹವಾಮಾನ ತಜ್ಞ ರಾಬರ್ಟ್ ಸಿಂಪ್ಸನ್ 1970ರ ದಶಕದ ಆರಂಭದಲ್ಲಿ ರೂಪಿಸಿದ ಮಾಪಕದಲ್ಲಿ ಗಂಟೆಗೆ 119 ಕಿ.ಮೀ.ಗೆ 1ನೇ ದರ್ಜೆ ಶುರು. 252 ಮುಟ್ಟಿದರೆ 5. ಅದರಾಚೆ ದರ್ಜೆಯೇ ಇಲ್ಲ. 2015ರಲ್ಲಿ ಪೆಸಿಫಿಕ್‌ನ ಪೆಟ್ರೀಷಿಯಾ 345 ಕಿ.ಮೀ. ವೇಗಕ್ಕೇರಿದರೂ ಸಿಕ್ಕಿದ್ದು ಅದೇ 5.

ತೊಡಕೆಂದರೆ, ಈ ಮಾಪಕಕ್ಕೆ ನೀರಿನ ಗೊಡವೆಯಿಲ್ಲ. 2005ರಲ್ಲಿ ಲೂಸಿಯಾನಾ ಕರಾವಳಿಗೆ ಅಪ್ಪಳಿಸುವ ಹೊತ್ತಿಗೆ ಕತ್ರಿನಾ 3ನೇ ದರ್ಜೆಗೆ ಇಳಿದಿತ್ತು. ಆದರೂ ಮಿಸಿಸಿಪ್ಪಿ ರಾಜ್ಯದ ದಡದಲ್ಲಿ ಸಮುದ್ರ 8 ಮೀಟರಿಗೂ ಎತ್ತರಕ್ಕೆ ಉಕ್ಕಿತು. ನ್ಯೂ ಆರ್ಲಿಯನ್ಸ್‌ನ ತಡೆಗೋಡೆಗಳು ಒಡೆದು ಊರಿನ ಬಹುಭಾಗ ಮುಳುಗಿತು. ಸಮುದ್ರ ಉಕ್ಕುವುದಕ್ಕೆ ಅಲ್ಲೀಗ ಪ್ರತ್ಯೇಕ ಎಚ್ಚರಿಕೆ ಕೊಡುತ್ತಾರೆ, 2017ರಿಂದ.