‘ನಮ್ಮೋನು ತುಂಬಾ ಸೈಲೆಂಟು’

ಭಾನುವಾರ ಮಧ್ಯಾಹ್ನ ಯಲಹಂಕ ನ್ಯೂಟೌನ್‌ನ ಮನೆಗಳಿಗೆ ನೆಂಟರು ಬಂದಾಗ ನಡೆಯುವ ಪುಟ್ಟ ನಾಟಕವೊಂದಿದೆ. ಅಮ್ಮ ಹಾಲ್‌ನಿಂದ ಎರಡು ಸಲ ಕೂಗುತ್ತಾರೆ. ಮೂರನೇ ಕೂಗಿಗೆ ರೂಮಿನ ಬಾಗಿಲು ಅರ್ಧ ತೆರೆದು ಒಂಬತ್ತನೇ ಕ್ಲಾಸಿನ ಹುಡುಗ ಹೊರಗೆ ಬರುತ್ತಾನೆ. ಕಾಫಿ ಲೋಟ ಹಿಡಿದ ದೊಡ್ಡಪ್ಪ ‘ಏನೋ, ಹೇಗೆ ಓದ್ತಿದೀಯ?’ ಅಂದರೆ ಉತ್ತರ ಕಾಲಬೆರಳಿನ ಹತ್ತಿರವೆಲ್ಲೋ ಬೀಳುತ್ತದೆ. ‘ನಮ್ಮೋನು ತುಂಬಾ ಸೈಲೆಂಟು, ಯಾರ ತಂಟೆಗೂ ಹೋಗಲ್ಲ’ ಎಂದು ಅಮ್ಮ ನೆರವಿಗೆ ಬರುತ್ತಾರೆ. ಹುಡುಗ ಮಾಯ. ಎರಡು ನಿಮಿಷ ಕಳೆದಿರುವುದಿಲ್ಲ, ಅದೇ ಬಾಗಿಲ ಹಿಂದಿನಿಂದ ‘ಲೆಫ್ಟಲ್ಲಿದಾನೆ, ಕವರ್ ಕೊಡೋ ಮಗಾ!’ ಎಂಬ ಅಬ್ಬರ. ಒಳಗೆ ಇನ್ನೊಬ್ಬ ಹುಡುಗ ಇದ್ದಾನೇನೋ ಎಂದು ದೊಡ್ಡಪ್ಪನಿಗೆ ಅನುಮಾನ.

ಇರುವುದು ಒಬ್ಬನೇ. ಗಂಟಲು ಎರಡು.

ಕನ್ನಡದಲ್ಲಿ ಈ ಸ್ವಭಾವಕ್ಕೆ ಮಾತಿನ ಬರವಿಲ್ಲ: ನಾಚಿಕೆ, ಸಂಕೋಚ, ಮುಜುಗರ, ಹಿಂಜರಿಕೆ, ದಾಕ್ಷಿಣ್ಯ. ಎರಡನೇ ಹೋಳಿಗೆ ಬೇಕಿದ್ದೂ ಬೇಡ ಅನ್ನುವುದು ಸಂಕೋಚ. ಹತ್ತು ಜನರ ಮುಂದೆ ಹೆಸರು ಕೂಗಿದಾಗ ಕಿವಿ ಬಿಸಿಯಾಗುವುದು ಮುಜುಗರ. ನಾಚಿಕೆ ಬಿಟ್ಟವನಿಗೆ ನಮ್ಮಲ್ಲಿ ಬೈಗುಳ, ಉಳಿಸಿಕೊಂಡವನಿಗೆ ಶಹಬ್ಬಾಸ್. ತಂಟೆ ಮಾಡುವ ಹುಡುಗನ ಬಗ್ಗೆ ಶಾಲೆಯಿಂದ ಮನೆಗೆ ಫೋನ್ ಬರುತ್ತದೆ. ಸೈಲೆಂಟ್ ಹುಡುಗನ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ. ಅವನ ಕೈಗೆ ಫೋನ್ ಬಂದು ವರ್ಷಗಳಾದ ಮೇಲೆ, ರಾತ್ರಿ ಎರಡರವರೆಗೆ ರೂಮಿನ ಬೆಳಕು ಆರದಿದ್ದಾಗ, ಅಂಕಗಳು ಕುಸಿದಾಗ ಮನೆಯವರು ಬೆಚ್ಚಿಬೀಳುತ್ತಾರೆ. ಆಗಲೂ ಬೈಗುಳ ಬೀಳುವುದು ಮೊಬೈಲಿಗೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಾವಿರಾರು ಜನರನ್ನು ಸಂಕೋಚದ ಬಗ್ಗೆ ಕೇಳಿದಾಗ ಸುಮಾರು ಶೇ 40ರಷ್ಟು ಮಂದಿ ತಾವು ಸಂಕೋಚದವರೆಂದು ಒಪ್ಪಿಕೊಂಡಿದ್ದರು. ಅಂದರೆ ಇದು ಕಾಯಿಲೆಯಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿನವರದೂ ಇರಬಹುದಾದ ಸ್ವಭಾವ. ಇಂಟರ್ನೆಟ್ ಬಂದಾಗ ಇಂಥವರಿಗೆ ಬಿಡುಗಡೆ ಸಿಕ್ಕಿತೆಂದೇ ಹಲವರು ಭಾವಿಸಿದರು: ಮುಖ ಕಾಣಿಸುವುದಿಲ್ಲ, ದನಿ ನಡುಗುವುದಿಲ್ಲ, ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದು. ಆದರೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಕ್ರೌಟ್ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡದ್ದು ಬೇರೆ. ಮೊದಲೇ ಮಾತುಗಾರರಾಗಿದ್ದವರಿಗೆ, ಸುತ್ತ ಜನ ಇದ್ದವರಿಗೆ ಇಂಟರ್ನೆಟ್ಟಿನಿಂದ ಲಾಭ. ಅಂತರ್ಮುಖಿಗಳಿಗೆ ಆ ಲಾಭ ದಕ್ಕಲಿಲ್ಲ. ಉಳ್ಳವರ ಮನೆಗೇ ಮತ್ತಷ್ಟು! ಮರುವರ್ಷ ಸ್ಕಾಟ್ ಕ್ಯಾಪ್ಲನ್ ಎಂಬ ಸಂಶೋಧಕ ಇದರ ಒಳಗಂಟನ್ನು ಬಿಡಿಸಲು ನೋಡಿದರು. ಪರದೆಯ ಮುಂದೆ ಎಷ್ಟು ಗಂಟೆ ಕೂತರು ಅನ್ನುವುದಕ್ಕಿಂತ, ಎದುರಾಎದುರು ಮಾತಿಗಿಂತ ಪರದೆಯ ಮಾತೇ ವಾಸಿ ಎಂದು ಮನಸ್ಸು ಯಾವಾಗ ತೀರ್ಮಾನಿಸಿತು ಅನ್ನುವುದರ ಮೇಲೆ ಅವರ ಕಣ್ಣು. ತೊಂದರೆಯ ಬೇರು ಅಲ್ಲಿದೆ ಎಂಬುದು ಅವರ ವಾದ.

ಆ ತೀರ್ಮಾನಕ್ಕೆ ಉತ್ತರ ಬೆಂಗಳೂರಿನಲ್ಲಿ ತನ್ನದೇ ಕಾರಣಗಳಿವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳದಿಂದಾಚೆಯ ಊರುಗಳ ಚಹರೆಯೇ ಬದಲಾಯಿತು. ರಾಗಿ ಹೊಲ, ದ್ರಾಕ್ಷಿ ತೋಟ ಇದ್ದಲ್ಲಿ ಅಪಾರ್ಟ್‌ಮೆಂಟುಗಳು. ಒಂದೇ ಲಿಫ್ಟಿನಲ್ಲಿ ಹಿಂದಿ, ತೆಲುಗು, ತಮಿಳು, ಬಂಗಾಳಿ; ಎಲ್ಲರ ನಡುವೆ ಇಂಗ್ಲಿಷ್. ದೊಡ್ಡಬಳ್ಳಾಪುರದ ಕಡೆ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಯಲಹಂಕದ ಕಾಲೇಜಿಗೆ ಪಿಯುಸಿ ಸೈನ್ಸ್ ಸೇರುವ ಹುಡುಗಿಯನ್ನು ನೆನೆಯಿರಿ. ಮೊದಲ ವಾರ ಲೆಕ್ಚರರ್ ಪ್ರಶ್ನೆ ಕೇಳುತ್ತಾರೆ. ಉತ್ತರ ಗೊತ್ತು, ವಾಕ್ಯ ಗೊತ್ತಿಲ್ಲ. ಹಿಂದಿನ ಬೆಂಚಿನಿಂದ ಕಿಸಕ್ಕೆಂದ ಒಂದು ನಗು ಸಾಕು, ಎರಡು ವರ್ಷ ಬಾಯಿಗೆ ಬೀಗ. ಫೋನಿನಲ್ಲಾದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಬಹುದು. ಅಲ್ಲಿ ಉಚ್ಚಾರಣೆ ಇಲ್ಲ, ನಗುವವರಿಲ್ಲ. ಅವಳು ಅಲ್ಲಿಯೇ ಉಳಿದರೆ ಅದನ್ನು ಚಟ ಎನ್ನುವ ಮೊದಲು ನಾನು ಎರಡು ಸಲ ಯೋಚಿಸುತ್ತೇನೆ.

‘ಚಟ’ ಎಂಬ ಮಾತಿಗೂ ಒಂದು ತಮಾಷೆಯ ಹಿನ್ನೆಲೆಯಿದೆ. 1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಇವಾನ್ ಗೋಲ್ಡ್‌ಬರ್ಗ್ ‘ಇಂಟರ್ನೆಟ್ ಚಟದ ಕಾಯಿಲೆ’ ಎಂದು ಲಕ್ಷಣಗಳ ಪಟ್ಟಿ ಬರೆದದ್ದು ವೃತ್ತಿಬಾಂಧವರ ಕಾಲೆಳೆಯಲು. ನಗೆಯಾಡಲೆಂದು ಇಟ್ಟ ಹೆಸರನ್ನು ಜಗತ್ತು ನಿಜವೆಂದೇ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಕಾಯಿಲೆಗೆ ಜಾಗವಿದೆ, ಇಂಟರ್ನೆಟ್ ಚಟಕ್ಕೆ ಪ್ರತ್ಯೇಕ ಜಾಗವಿಲ್ಲ. ಗೇಮಿಂಗ್ ಕಾಯಿಲೆ ಅನ್ನಬೇಕಾದರೂ ಹಿಡಿತ ತಪ್ಪಿರಬೇಕು, ಊಟ, ಓದು, ಸ್ನೇಹಕ್ಕಿಂತ ಆಟ ಮುಂದಾಗಿರಬೇಕು, ಕೆಡುಕು ಕಂಡರೂ ನಿಲ್ಲದಿರಬೇಕು; ಸಾಮಾನ್ಯವಾಗಿ 12 ತಿಂಗಳಾದರೂ ಹೀಗೆ ನಡೆದಿರಬೇಕು. ಬೇಸಿಗೆ ರಜೆಯ ಒಂದು ತಿಂಗಳ ಹುಚ್ಚು ಈ ಲೆಕ್ಕಕ್ಕೆ ಬರುವುದಿಲ್ಲ.

ದೇಶದಲ್ಲಿ ಇಂಥ ತೊಂದರೆಗಳಿಗೆಂದೇ ಮೊದಲು ಕ್ಲಿನಿಕ್ ಬಾಗಿಲು ತೆರೆದ ಊರು ಬೆಂಗಳೂರು. ನಿಮ್ಹಾನ್ಸ್ 2014ರಲ್ಲಿ ಶುರುಮಾಡಿದ ‘ಶಟ್’ ಕ್ಲಿನಿಕ್ಕಿನ ಹೊಣೆ ಕ್ಲಿನಿಕಲ್ ಸೈಕಾಲಜಿ ಪ್ರಾಧ್ಯಾಪಕ ಡಾ. ಮನೋಜ್ ಕುಮಾರ್ ಶರ್ಮಾ ಅವರದು. ಹೆಸರು ಕೇಳಿ ‘ಮುಚ್ಚು’ ಅಂದುಕೊಳ್ಳಬೇಡಿ, ಆ ಅಕ್ಷರಗಳ ವಿಸ್ತರಣೆ ತಂತ್ರಜ್ಞಾನದ ಆರೋಗ್ಯಕರ ಬಳಕೆ ಎಂದು. ಪೂರ್ತಿ ಬಿಡಿಸುವುದು ಗುರಿಯಲ್ಲ, ಹದಕ್ಕೆ ತರುವುದು ಗುರಿ. ತೊಡಕೆಂದರೆ ಅದು ಇರುವುದು ಬಿಟಿಎಂ ಲೇಔಟಿನಲ್ಲಿ. ಯಲಹಂಕದವರು ಹೆಬ್ಬಾಳ ಫ್ಲೈಓವರ್, ಮೇಖ್ರಿ ಸರ್ಕಲ್ ದಾಟಿ ನಗರದ ಆ ತುದಿ ಮುಟ್ಟಬೇಕು. ಪಕ್ಕದ ಸೀಟಿನಲ್ಲಿ ಮುಖ ತಿರುಗಿಸಿ ಕೂತ ಮಗನ ಜೊತೆ ಆ ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತು, ಎಷ್ಟೋ ಮನೆಗಳಲ್ಲಿ ಅಪ್ಪ-ಮಗ ವರ್ಷದಲ್ಲಿ ಒಟ್ಟಿಗೆ ಕೂತ ಅತಿ ಉದ್ದದ ಹೊತ್ತೂ ಆಗಿರಬಹುದು.

ದೂರ ಹೋಗಲಾಗದವರಿಗೆ 14416 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆದರೆ ಗಮನಿಸಿ: ಅಪರಿಚಿತರ ಜೊತೆ ಮಾತಾಡಲಾರೆ ಎಂಬುದೇ ಯಾರ ಕಷ್ಟವೋ ಅವರು ಇಲ್ಲಿ ಮೊದಲು ಮಾಡಬೇಕಾದದ್ದು ಅಪರಿಚಿತರಿಗೆ ಫೋನ್. ಮೊದಲ ಕರೆಯನ್ನು ಅಕ್ಕನೋ ಅಮ್ಮನೋ ಮಾಡಿದರೆ ತಪ್ಪೇನಿಲ್ಲ.

ಮೊಬೈಲ್ ಕಿತ್ತುಕೊಳ್ಳುವುದು ಸುಲಭದ ದಾರಿ. ವೈಫೈ ಪಾಸ್‌ವರ್ಡ್ ಬದಲಿಸುವುದು ಇನ್ನೂ ಸುಲಭ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಸೋಷಿಯಲ್ ಮೀಡಿಯಾ ಖಾತೆಯನ್ನೇ ನಿಷೇಧಿಸಿದೆ. ಕಾನೂನಿನ ಚರ್ಚೆ ಕಾನೂನಿನವರಿಗೆ ಇರಲಿ. ಅಬ್ಬರಿಸುತ್ತಿದ್ದ ಆ ಎರಡನೇ ಗಂಟಲನ್ನು ಮುಚ್ಚಿಸಿದ ಮಾತ್ರಕ್ಕೆ ಮೊದಲನೆಯದು ತೆರೆಯುತ್ತದೆಯೇ ಎಂಬುದು ನನ್ನ ತಕರಾರು.

ಮೊದಲನೆಯದಕ್ಕೆ ತಾಲೀಮು ಬೇಕು. ಹಿಂದೆ ಅದು ಬೇಡವೆಂದರೂ ಸಿಗುತ್ತಿತ್ತು. ಹಾಲ್‌ನಲ್ಲಿ ಲ್ಯಾಂಡ್‌ಲೈನ್ ರಿಂಗಾದರೆ ಹತ್ತಿರ ಇದ್ದ ಮಗು ಎತ್ತಿ ‘ಯಾರು ಮಾತಾಡೋದು? ಅಪ್ಪ ಸ್ನಾನಕ್ಕೆ ಹೋಗಿದಾರೆ’ ಅನ್ನಲೇಬೇಕಿತ್ತು. ಕೊತ್ತಂಬರಿ ಸೊಪ್ಪಿಗೆ ಕಳಿಸಿದರೆ ಅಂಗಡಿಯಲ್ಲಿ ದೊಡ್ಡವರ ಕೈಗಳ ನಡುವೆ ನುಗ್ಗಿ ‘ಅಣ್ಣಾ, ನಂಗ್ ಫಸ್ಟು’ ಎಂದು ಕೂಗಬೇಕಿತ್ತು. ಈಗ ಸೊಪ್ಪು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ, ತಂದವನು ಬೆಲ್ ಒತ್ತಿ ಹೋಗಿರುತ್ತಾನೆ. ಭಯಪಡುವ ಸಂಗತಿಯನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ, ಮತ್ತೆ ಮತ್ತೆ ಎದುರಿಸುವುದನ್ನೇ ಮನಶ್ಶಾಸ್ತ್ರಜ್ಞರು ಇಂದು ಚಿಕಿತ್ಸೆಯಾಗಿ ಹೇಳಿಕೊಡುತ್ತಾರೆ: ಇವತ್ತು ವಾಚ್‌ಮನ್‌ಗೆ ಒಂದು ನಮಸ್ಕಾರ, ನಾಳೆ ಹೋಟೆಲಿನಲ್ಲಿ ತಾನೇ ಆರ್ಡರ್ ಹೇಳುವುದು, ಮುಂದಿನ ವಾರ ತರಗತಿಯಲ್ಲಿ ಒಂದು ಪ್ರಶ್ನೆ. ಅಮ್ಮಂದಿರು ಅದನ್ನೇ ಕೈಚೀಲ ಕೊಟ್ಟು, ಫೀಸಿಲ್ಲದೆ ಮಾಡಿಸುತ್ತಿದ್ದರು.

ನಾನೂ ಸೈಲೆಂಟ್ ಹುಡುಗನೇ ಆಗಿದ್ದೆ. ಯಶವಂತಪುರದಿಂದ ಹೆಬ್ಬಾಳಕ್ಕೆ ಸಿಟಿ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರು ಕೊಡಬೇಕಾದ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಿದ್ದರು. ಇಳಿಯುವಾಗ ಕೇಳಬೇಕು. ಮತ್ತೀಕೆರೆಯಿಂದಲೇ ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಾ, ಸ್ಟಾಪ್ ಬಂದಾಗ ಬಾಯಿ ಬಾರದೆ ಎಷ್ಟೋ ಸಲ ಹಾಗೇ ಇಳಿದಿದ್ದೇನೆ. ಒಂದು ದಿನ ಅದು ಹೇಗೋ ‘ಸಾರ್, ಚೇಂಜು’ ಅಂದುಬಿಟ್ಟೆ. ಆತ ನನ್ನ ಮುಖವನ್ನೂ ನೋಡದೆ ಏಳು ರೂಪಾಯಿ ಕೈಗಿಟ್ಟರು.

ಈಗ ಬಸ್ಸಿನಲ್ಲೂ ಕ್ಯೂಆರ್ ಕೋಡ್ ನೇತಾಡುತ್ತದೆ. ಸ್ಕ್ಯಾನ್ ಮಾಡಿದರೆ ಚಿಲ್ಲರೆಯ ಮಾತೇ ಇಲ್ಲ.