ಎಲ್ಲಿಗೆ ಹೋಗಲಿ, ಫಾದರ್?

ಕಳೆದ ಜೂನ್ ತಿಂಗಳ ಒಂದು ಭಾನುವಾರ. ದೇವಣಿ ಕಡೆಯ ಒಂದು ಹಳ್ಳಿಯಲ್ಲಿ ಬಲಿಪೂಜೆ ಮುಗಿಸಿ ಪೂಜಾವಸ್ತ್ರಗಳನ್ನು ಮಡಿಸಿಡುತ್ತಿದ್ದೆ. ಬಾಗಿಲ ಬಳಿ ಒಬ್ಬ ಹುಡುಗಿ, ಅವಳ ಹಿಂದೆ ಟೋಪಿಯನ್ನು ಕೈಯಲ್ಲಿ ಹಿಡಿದ ಅವಳ ತಂದೆ. ಹುಡುಗಿ ಆ ವರ್ಷವೇ ಉದಗೀರದಲ್ಲಿ ಬಿ.ಎಸ್ಸಿ. ಮುಗಿಸಿದವಳು. ಅವಳ ಮೊಬೈಲಿನಲ್ಲಿ ಎರಡು ಸಂದೇಶಗಳಿದ್ದವು. ಕಲಬುರಗಿ ಕಡೆಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ನಾಲ್ಕು ದಿನದೊಳಗೆ ಶುಲ್ಕ ಕಟ್ಟಬೇಕು ಎಂಬುದು ಒಂದು. ಹೈದರಾಬಾದಿನಲ್ಲಿ ಹೆಸರು ಕಾಯುವ ಪಟ್ಟಿಯಲ್ಲಿದೆ ಎಂಬುದು ಇನ್ನೊಂದು.

"ಎಲ್ಲಿಗೆ ಹೋಗ್ಲಿ ಫಾದರ್? ನೀವೇ ಹೇಳ್ರಿ" ಎಂದಳು ಹುಡುಗಿ.

ತಂದೆಯ ಪ್ರಶ್ನೆಯೇ ಬೇರೆ. "ಮಿರಗಿನ ಮಳಿ ಬಂದದ ಫಾದರ್. ಸೋಯಾ ಬೀಜಕ್ಕ, ಗೊಬ್ಬರಕ್ಕ ಇಟ್ಟ ರೊಕ್ಕ ಅಷ್ಟೇ ಅದ. ಫೀ ಕಟ್ಟಿದ್ರ ಬಿತ್ತೋದು ಹ್ಯಾಂಗ? ಎತ್ತು ಮಾರ್ಲೇನು?"

ದೇವಣಿಯ ಹೆಸರು ದೂರದೂರಿಗೂ ಗೊತ್ತಿರುವುದು ಇಲ್ಲಿನ ದನದ ತಳಿಯಿಂದ. ಆ ಎತ್ತುಗಳನ್ನು ಮಾರುವ ಮಾತು ರೈತನ ಬಾಯಿಂದ ಸುಮ್ಮನೆ ಬರುವುದಿಲ್ಲ.

ಆ ಕ್ಷಣ ನನ್ನ ನಾಲಿಗೆಯ ತುದಿಯಲ್ಲಿ ಒಂದು ಉತ್ತರ ಸಿದ್ಧವಾಗಿತ್ತು: ಹೆಣ್ಣುಮಗಳು, ಹತ್ತಿರದ್ದೇ ಒಳ್ಳೆಯದು. ಆದರೆ ಹೇಳಲಿಲ್ಲ. ಹೇಳದಿದ್ದದ್ದು ಏಕೆ ಒಳ್ಳೆಯದಾಯಿತು ಎಂಬುದನ್ನು ಕೊನೆಯಲ್ಲಿ ತಿಳಿಸುತ್ತೇನೆ.

ಗಡಿಯ ಮಕ್ಕಳ ಕಷ್ಟ

ಪ್ರಿಯ ಓದುಗರೇ, 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಆ ವರ್ಷ ಬೀದರ ಮೈಸೂರು ರಾಜ್ಯಕ್ಕೆ ಬಂತು, ಇವು ಮುಂಬಯಿ ರಾಜ್ಯಕ್ಕೆ ಹೋದವು. ಈಗ ದೇವಣಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಒಂದು ತಾಲೂಕು. ಇಲ್ಲಿನ ಕನ್ನಡದ ಮನೆಗಳಲ್ಲಿ ಮಗು ಅವ್ವನೊಡನೆ ಕನ್ನಡ ಆಡುತ್ತದೆ, ಶಾಲೆಯಲ್ಲಿ ಮರಾಠಿ ಓದುತ್ತದೆ, ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕದ ಮುಂದೆ ಕೂರುತ್ತದೆ.

ಲಾತೂರ್ ಎಂದರೆ ಹನ್ನೆರಡನೆಯ ತರಗತಿಯ 'ಲಾತೂರ್ ಪ್ಯಾಟರ್ನ್'ಗೆ ಹೆಸರಾದ ಊರು. ಡಾಕ್ಟರ್, ಎಂಜಿನಿಯರ್ ಆಗಬೇಕೆನ್ನುವವರಿಗೆ ದಾರಿ ತೋರಿಸುವವರು ಅಲ್ಲಿ ಬೀದಿಗೊಬ್ಬರಿದ್ದಾರೆ. ಪದವಿ ಮುಗಿಸಿ ಎಂ.ಎಸ್ಸಿ., ಎಂ.ಎ. ಎನ್ನುವ ಮಗುವಿಗೆ ಮಾತ್ರ ಹೇಳುವವರಿಲ್ಲ. ಪಕ್ಕದ ಬೀದರಿನ ಮಗುವಿಗೆ ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಮೀಸಲು ಸೀಟು ಉಂಟು. ಗಡಿಯಾಚೆಯ ದೇವಣಿಯ ಮಗುವಿಗೆ, ಮನೆಮಾತು ಅದೇ ಕನ್ನಡವಾದರೂ, ಅದು ದಕ್ಕುವುದಿಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇಡೀ ದೇಶದ ಮಕ್ಕಳಿಗೆ ತೆರೆದಿದೆ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯವೂ ಹಾಗೆಯೇ. ಇವೆರಡಕ್ಕೂ ಸಿಯುಇಟಿ-ಪಿಜಿ ಎಂಬ ಒಂದೇ ಪರೀಕ್ಷೆಯ ಅಂಕ ನಡೆಯುತ್ತದೆ. ಐಐಟಿಗಳ ಎಂ.ಎಸ್ಸಿ.ಗೆ 'ಜಾಮ್' ಪರೀಕ್ಷೆಯಿದೆ. ಅದರಿಂದ ಐಐಟಿಗಳಲ್ಲಿ ಸುಮಾರು 3000 ಸೀಟುಗಳು ತುಂಬುತ್ತವೆ.

ಅರ್ಜಿ ಹಾಕುವ ಮುನ್ನ

ಅರ್ಜಿಯ ಕೆಲಸ ಕೊನೆಯ ವರ್ಷದ ದೀಪಾವಳಿಯ ಹೊತ್ತಿಗೆ ಶುರುವಾಗಬೇಕು. ಮೂರು ಮಾತು ನೆನಪಿಡಿ.

ಮೊದಲನೆಯದು ಕಾಗದಪತ್ರ. ಆಧಾರಿನಲ್ಲಿ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ, ಜ್ಞಾನಸ್ನಾನದ ಹೆಸರಿನಲ್ಲಿ ಒಂದೊಂದು ಬಗೆ ಇರುವ ಮಕ್ಕಳು ನಮ್ಮಲ್ಲಿ ಬಹಳ. ಅದನ್ನು ಮೊದಲು ಸರಿಪಡಿಸಿ. ಹಿಂದುಳಿದ ವರ್ಗದ ಪ್ರಮಾಣಪತ್ರವಿದ್ದರೆ, ರಾಜ್ಯದ ನಮೂನೆಯದು ಕೇಂದ್ರದ ಸಂಸ್ಥೆಗಳಿಗೆ ನಡೆಯುವುದಿಲ್ಲ. ಕೇಂದ್ರದ ನಮೂನೆಯದನ್ನು ತಹಸೀಲಿನಿಂದ ಬೇರೆ ತೆಗೆಸಬೇಕು.

ಎರಡನೆಯದು ಹಣದ ಲೆಕ್ಕ. ಅಲ್ಪಸಂಖ್ಯಾತರಿಗೆಂದು ಇದ್ದ ಮೌಲಾನಾ ಆಜಾದ್ ಫೆಲೋಶಿಪ್, 'ಪಢೋ ಪರದೇಶ್' ಬಡ್ಡಿ ಸಹಾಯ ಎರಡೂ 2022ರಲ್ಲಿ ನಿಂತುಹೋದವು. ಹಳೆಯ ಕರಪತ್ರ ನೋಡಿ ಅವುಗಳ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಬ್ಯಾಂಕುಗಳ ಮಾದರಿ ವಿದ್ಯಾಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿಯವರೆಗೆ ಹೊಲಮನೆ ಒತ್ತೆ ಇಡಬೇಕಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಸೇರುವವರಿಗೆ ಒತ್ತೆಯೂ ಜಾಮೀನೂ ಇಲ್ಲದ ಸಾಲ ಉಂಟು. ಸೀಟು ಸಿಕ್ಕಮೇಲೆ ಬ್ಯಾಂಕಿಗೆ ಓಡುವ ಬದಲು ಮೊದಲೇ ಹೋಗಿ ವಿಚಾರಿಸಿ.

ಮೂರನೆಯದು, ಎಲ್ಲ ಮೊಟ್ಟೆಗಳನ್ನೂ ಒಂದೇ ಕೋಳಿಯ ಕೆಳಗೆ ಇಡಬೇಡಿ. ಕಷ್ಟದ್ದೊಂದು, ಸಿಗಬಹುದಾದ್ದೊಂದು, ಖಂಡಿತ ಸಿಗುವಂಥದ್ದೊಂದು, ಹೀಗೆ ಮೂರು ಕಡೆ ಹಾಕಿ. ಆದರೆ ಸಿಕ್ಕರೂ ಹೋಗದ ಜಾಗಕ್ಕೆ ಅರ್ಜಿಯ ಶುಲ್ಕ ಸುರಿಯಬೇಡಿ.

ಕಾಯುವ ತಿಂಗಳುಗಳು

ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಪರೀಕ್ಷೆ ಮುಗಿಯುತ್ತದೆ. ಮೊದಲ ಪಟ್ಟಿ ಬರುವಾಗ ಮೇ, ಜೂನ್. ಈ ನಡುವಿನ ತಿಂಗಳುಗಳು ಮಕ್ಕಳನ್ನು ಒಳಗೊಳಗೇ ಸುಡುತ್ತವೆ. ರಾತ್ರಿ ಎರಡು ಗಂಟೆಗೆ ಮೊಬೈಲ್ ನೋಡುವುದು, ಊಟ ಬಿಡುವುದು, ಗೆಳತಿಗೆ ಸೀಟು ಸಿಕ್ಕಿತೆಂದು ಕೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುವುದು, ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿದ್ದೇನೆ.

ಬಾಲಯೇಸುವಿನ ಸಂತ ತೆರೇಸಾ ನಮಗೆಲ್ಲ ಪ್ರಿಯಳು. ಅವಳೂ ಹೀಗೆ ಕಾದವಳೇ. ಹದಿನಾಲ್ಕನೇ ವಯಸ್ಸಿನಲ್ಲಿ ಕಾರ್ಮೆಲ್ ಮಠಕ್ಕೆ ಸೇರಲು ಬಯಸಿದಳು. ಮಠದ ಮೇಲ್ವಿಚಾರಕ ಗುರುಗಳು ಬೇಡವೆಂದರು. ಧರ್ಮಾಧ್ಯಕ್ಷರು ಕಾಯಲು ಹೇಳಿದರು. 1887ರ ನವೆಂಬರ್ 20ರಂದು ರೋಮಿನಲ್ಲಿ ಜಗದ್ಗುರು 13ನೇ ಲಿಯೋ ಅವರ ಮುಂದೆ ಮೊಣಕಾಲೂರಿ ಬೇಡಿದಾಗಲೂ ಸ್ಪಷ್ಟವಾದ ಹೌದು ಸಿಗಲಿಲ್ಲ. ಹೊಸ ವರ್ಷಕ್ಕೆ ಒಪ್ಪಿಗೆಯ ಸುದ್ದಿ ಬಂತು, ಆದರೆ ತಪಸ್ಸುಕಾಲ ಮುಗಿಯುವ ತನಕ ಮತ್ತೆ ಕಾಯಬೇಕಾಯಿತು. 1888ರ ಏಪ್ರಿಲ್ 9ರಂದು ಅವಳು ಒಳಗೆ ಕಾಲಿಟ್ಟಳು. ಆ ಮೂರು ತಿಂಗಳನ್ನು ಆರಾಮವಾಗಿ ಕಳೆದುಬಿಡೋಣ ಎಂಬ ಯೋಚನೆ ಮೊದಲು ಬಂದಿತ್ತಂತೆ. ಆಮೇಲೆ ಅವಳು ದಿನದ ಚಿಕ್ಕಪುಟ್ಟ ಕೆಲಸಗಳನ್ನೇ ಪ್ರೀತಿಯಿಂದ ಮಾಡಿ ಆ ಕಾಲವನ್ನು ಸಿದ್ಧತೆಯಾಗಿಸಿಕೊಂಡಳು.

ತಂದೆಯಂದಿರು ಇನ್ನೊಂದನ್ನೂ ಗಮನಿಸಬೇಕು. ಧರ್ಮಾಧ್ಯಕ್ಷರ ಬಳಿಗೂ ರೋಮಿಗೂ ಅವಳನ್ನು ಕರೆದುಕೊಂಡು ಹೋದವನು ಅವಳ ತಂದೆ ಲೂಯಿ. ಮಗಳನ್ನು ಕಳೆದುಕೊಳ್ಳುವ ನೋವು ಅವನಿಗೇ ಹೆಚ್ಚಾಗಿತ್ತು. ಆದರೂ ಜೊತೆಯಲ್ಲಿ ನಡೆದ.

ಕಾಯುವ ದಿನಗಳಲ್ಲಿ ಮಗುವಿಗೆ ಕೈತುಂಬ ಕೆಲಸವಿರಲಿ. ಫಲಿತಾಂಶ ನೋಡಲು ದಿನಕ್ಕೆ ಒಂದು ಹೊತ್ತು ಗೊತ್ತುಮಾಡಿ. ರಾತ್ರಿ ಜಪಸರಕ್ಕೆ ಎಲ್ಲರೂ ಒಟ್ಟಿಗೆ ಕೂಡಿ. ಬಂದ ನೆಂಟರೆದುರು "ಏನಾಯ್ತು ನಿನ್ನ ಸೀಟು?" ಎಂದು ಕೇಳದಿರುವುದೂ ಒಂದು ಪ್ರೇಮಕಾರ್ಯವೇ.

ಸಿಗದಿದ್ದರೆ?

ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ಒಂದು ಆಯ್ಕೆಯ ಕಥೆಯಿದೆ. ಯೂದನ ಸ್ಥಾನಕ್ಕೆ ಇಬ್ಬರ ಹೆಸರು ಮುಂದೆ ಬಂತು. ಇಬ್ಬರೂ ಮೊದಲಿನಿಂದ ಯೇಸುಸ್ವಾಮಿಯ ಜೊತೆಗಿದ್ದವರು, ಇಬ್ಬರೂ ಯೋಗ್ಯರು. ಚೀಟಿ ಮತ್ತೀಯನಿಗೆ ಬಂತು. ಯೂಸ್ತನೆಂದು ಹೆಸರಾದ ಜೋಸೆಫ್ ಬಾರ್ಸಬ್ಬನಿಗೆ ಬರಲಿಲ್ಲ. ನಾವೆಲ್ಲ ಮತ್ತೀಯನ ಮೇಲೆ ಪ್ರಸಂಗ ಮಾಡುತ್ತೇವೆ. ನನಗೆ ಈಚೆಗೆ ಆ ಇನ್ನೊಬ್ಬನೇ ಹೆಚ್ಚು ನೆನಪಾಗುತ್ತಾನೆ. ಅವನಲ್ಲಿ ಕೊರತೆಯಿತ್ತೆಂದು ಶಾಸ್ತ್ರ ಎಲ್ಲೂ ಹೇಳುವುದಿಲ್ಲ. ಸ್ಥಾನ ಒಂದಿತ್ತು, ಯೋಗ್ಯರು ಇಬ್ಬರಿದ್ದರು, ಅಷ್ಟೇ.

ಸೀಟಿನ ಪಟ್ಟಿಯೂ ಹಾಗೆಯೇ. ಮೂವತ್ತು ಜಾಗಕ್ಕೆ ಮುನ್ನೂರು ಜನ ಬಂದರೆ ಇನ್ನೂರ ಎಪ್ಪತ್ತು ಮಂದಿ ಹೊರಗೆ ಉಳಿಯುತ್ತಾರೆ. ಅವರು ದಡ್ಡರಲ್ಲ. ದೇವರು ಅವರ ಕೈಬಿಟ್ಟನೆಂದೂ ಅರ್ಥವಲ್ಲ. ಮಗು ಅಳಲಿ, ಒಂದೆರಡು ದಿನ ಸುಮ್ಮನಿರಲಿ. "ನಾನು ಆಗಲೇ ಹೇಳಿದ್ದೆ" ಎಂಬ ಮಾತು ಮಾತ್ರ ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ಮಗು ಬಹಳ ದಿನ ಊಟ, ನಿದ್ದೆ ಬಿಟ್ಟರೆ, ಬದುಕು ಬೇಡವೆಂದರೆ ಪ್ರಾರ್ಥನೆಯೊಂದೇ ಸಾಕೆನ್ನಬೇಡಿ. ಕೂಡಲೇ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಎರಡು ಬಾಗಿಲು ತೆರೆದಾಗ

ವಿಚಿತ್ರವೆಂದರೆ, ಎರಡು ಕಡೆ ಸಿಕ್ಕಾಗಲೂ ಮನಸ್ಸು ಕದಡುತ್ತದೆ. ಇಲ್ಲಿ ನಮಗೆ ಗುರು ಲೊಯೋಲಾದ ಸಂತ ಇಗ್ನಾಸಿ. ಅವರ ಓದಿನ ಕಥೆಯನ್ನು ನಮ್ಮ ಯುವಜನರು ತಿಳಿಯಬೇಕು. ಸೈನಿಕನಾಗಿದ್ದವರು 33ನೇ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಜೊತೆ ಕುಳಿತು ಲತೀನ್ ಕಲಿತರು. 1526ರಲ್ಲಿ ಅಲ್ಕಲಾ, 1527ರಲ್ಲಿ ಸಾಲಮಾಂಕಾ, 1528ರಲ್ಲಿ ಪ್ಯಾರಿಸ್, ಹೀಗೆ ಊರು ಬದಲಾಯಿತು. ಪ್ಯಾರಿಸ್ಸಿನಲ್ಲಿ ಜೊತೆಗಿದ್ದವನ ಕೈಗೆ ಹಣ ಕೊಟ್ಟಿಟ್ಟರೆ ಅವನು ಖರ್ಚು ಮಾಡಿಬಿಟ್ಟ. ಮುಂದೆ ರಜೆಯಲ್ಲಿ ಫ್ಲಾಂಡರ್ಸಿಗೆ ಹೋಗಿ ವ್ಯಾಪಾರಿಗಳಲ್ಲಿ ಬೇಡಿ ಶುಲ್ಕ, ಊಟ ನಡೆಸಿದರು. 1535ರಲ್ಲಿ ಮಾಸ್ಟರ್ ಪದವಿ ಪಡೆದಾಗ ಅವರಿಗೆ 40 ದಾಟಿತ್ತು. ಅದೇ ಪ್ಯಾರಿಸ್ಸಿನ ಕೋಣೆಯಲ್ಲಿ ಅವರ ಜೊತೆಗಾರನಾಗಿದ್ದವರಲ್ಲಿ ಒಬ್ಬರು ಸಂತ ಫ್ರಾನ್ಸಿಸ್ ಕ್ಸೇವಿಯರ್.

ಅವರು ಕಲಿಸಿದ ಆಯ್ಕೆಯ ವಿಧಾನ ನಮ್ಮ ಮನೆಗಳಿಗೂ ಸರಿಹೊಂದುತ್ತದೆ. ಮನಸ್ಸು ಕತ್ತಲಲ್ಲಿದ್ದಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ಯಾತಕ್ಕಾಗಿ ಓದುತ್ತಿದ್ದೇನೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಒಂದೊಂದು ಆಯ್ಕೆಯ ಲಾಭ, ನಷ್ಟಗಳನ್ನು ಬೇರೆ ಬೇರೆ ಬರೆದು ತೂಗಿ. ಗುರುತೇ ಇಲ್ಲದ ಒಬ್ಬ ವ್ಯಕ್ತಿ ಇದೇ ಪ್ರಶ್ನೆ ತಂದರೆ ಏನು ಹೇಳುತ್ತಿದ್ದೆ ಎಂದು ಕೇಳಿಕೊಳ್ಳಿ. ಮರಣದ ಹೊತ್ತಿನಲ್ಲಿ ಯಾವ ಆಯ್ಕೆ ಮಾಡಿದ್ದರೆ ಸಮಾಧಾನವಿರುತ್ತಿತ್ತು ಎಂದು ಯೋಚಿಸಿ. ಕೊನೆಗೆ ನಿರ್ಧಾರವನ್ನು ದೇವರ ಮುಂದಿಟ್ಟು ಪ್ರಾರ್ಥಿಸಿ.

ಇದರ ಜೊತೆಗೆ ನಿಯಮಗಳನ್ನೂ ತಿಳಿದಿರಬೇಕು. ಜಾಮ್‌ನಲ್ಲಿ ಸೀಟು ಬಂದಾಗ ಮೂರು ದಾರಿಗಳಿರುತ್ತವೆ: ಒಪ್ಪಿ ಅಲ್ಲಿಗೇ ನಿಲ್ಲುವುದು, ಒಪ್ಪಿಕೊಂಡು ಮೇಲಿನ ಆಯ್ಕೆಗೆ ಕಾಯುವುದು, ಬಿಟ್ಟುಬಿಡುವುದು. ಮೇಲಿನದು ಸಿಕ್ಕರೆ ಕೆಳಗಿನದು ತಾನಾಗಿ ಹೋಗುತ್ತದೆ. ಆದ್ದರಿಂದ ಆಯ್ಕೆಗಳ ಕ್ರಮವನ್ನು ಮನಸ್ಸಿಗೆ ಮೋಸ ಮಾಡಿಕೊಳ್ಳದೆ ಬರೆಯಬೇಕು. ಕಟ್ಟಿದ ಶುಲ್ಕ ಮುಳುಗಿತೆಂದು ಹೆದರಬೇಡಿ. 2018ರ ಯುಜಿಸಿ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮುಂಚೆಯೇ ಸೀಟು ಬಿಟ್ಟರೆ ಸ್ವಲ್ಪ ಕಚೇರಿ ಖರ್ಚು ಕಳೆದು ಉಳಿದ ಶುಲ್ಕ ವಾಪಸು. ಆಮೇಲೆ 90, 80, 50 ಶೇಕಡ ಎಂದು ಇಳಿಯುತ್ತದೆ. ಕೊನೆಯ ದಿನ ಕಳೆದು 30 ದಿನವಾದರೆ ಏನೂ ಇಲ್ಲ. ಯುಜಿಸಿ ಕೆಲವು ವರ್ಷ ಇನ್ನೂ ಸಡಿಲವಾದ ಸೂಚನೆ ಹೊರಡಿಸಿದ್ದುಂಟು, ಆಯಾ ವರ್ಷದ್ದನ್ನು ನೋಡಿ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಅಮೆರಿಕಕ್ಕೆ ಅರ್ಜಿ ಹಾಕಿದವರಿಗೆ ಒಂದು ಮಾತು: ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಒಪ್ಪಿರುವ ಕ್ರಮದಂತೆ, ಧನಸಹಾಯದ ಆಹ್ವಾನಕ್ಕೆ ಉತ್ತರಿಸಲು ಏಪ್ರಿಲ್ 15ರವರೆಗೆ ಸಮಯವಿರುತ್ತದೆ.

ಆ ಹುಡುಗಿಯ ನಿರ್ಧಾರ

ಅಂದು ಆ ತಂದೆ ಮಗಳನ್ನು ಕೂರಿಸಿಕೊಂಡು ಮೊದಲು ಶುಲ್ಕ ವಾಪಸಿನ ನಿಯಮ ಓದಿದೆವು. ತಾಯಿಯ ಬಚತ್ ಗಟದಿಂದ ಸಾಲ ತೆಗೆದು ಕಲಬುರಗಿ ಕಡೆಯ ಸೀಟಿಗೆ ಹಣ ಕಟ್ಟಿದರು. ಬೀಜದ ರೊಕ್ಕ ಬೀಜಕ್ಕೇ ಉಳಿಯಿತು. ಎತ್ತುಗಳು ಹಟ್ಟಿಯಲ್ಲೇ ಉಳಿದವು.

ಮೂರು ವಾರದ ಮೇಲೆ ಹೈದರಾಬಾದಿನಿಂದ ಕರೆ ಬಂತು. ಹುಡುಗಿ ಹಾಳೆಯ ಎರಡು ಬದಿಯಲ್ಲೂ ಬರೆದುಕೊಂಡು ಬಂದಿದ್ದಳು. ಹತ್ತಿರದ ಊರು, ಕಡಿಮೆ ಖರ್ಚು, ಕನ್ನಡದ ವಾತಾವರಣ ಒಂದು ಕಡೆ. ಅವಳು ಮುಂದೆ ಸಂಶೋಧನೆ ಮಾಡಬೇಕೆಂದಿದ್ದ ವಿಷಯಕ್ಕೆ ಬೇಕಾದ ಪ್ರಯೋಗಾಲಯ ಇನ್ನೊಂದು ಕಡೆ. ನಾನು ಇಗ್ನಾಸಿಯವರ ಪ್ರಶ್ನೆ ಕೇಳಿದೆ: "ಭಾಲ್ಕಿ ಕಡೆಯ ಗುರುತಿಲ್ಲದ ಹುಡುಗಿಯೊಬ್ಬಳು ಈ ಹಾಳೆ ತಂದರೆ ಏನು ಹೇಳ್ತಿ?"

ಅವಳು ಯೋಚಿಸಲೇ ಇಲ್ಲ. "ಹೈದರಾಬಾದಿಗೆ ಹೋಗು ಅಂತೀನಿ" ಎಂದಳು. ಆಮೇಲೆ ತಂದೆಯ ಮುಖ ನೋಡಿದಳು. ಅವನು ಬಹಳ ಹೊತ್ತು ನೆಲ ನೋಡುತ್ತಿದ್ದು, "ಉದಗೀರದಾಗ ರೈಲು ಹತ್ತಿದ್ರ ಸೀದಾ ಹೋಗ್ತದ, ದೂರೇನಲ್ಲ" ಎಂದ.

ಮೊದಲ ದಿನವೇ ನನ್ನ ಸಿದ್ಧ ಉತ್ತರ ಕೊಟ್ಟಿದ್ದರೆ, ಗುರುಗಳ ಮಾತೆಂದು ಅವರು ಅದನ್ನೇ ಪಾಲಿಸುತ್ತಿದ್ದರು. ಆದರೆ ಅದು ದೇವರ ಚಿತ್ತವಲ್ಲ, ನನ್ನ ಅಂಜಿಕೆಯಾಗಿತ್ತು. ಗುರುಗಳಾಗಲಿ, ತಂದೆತಾಯಿಯರಾಗಲಿ, ಸೋದರಮಾವನಾಗಲಿ ಮಗುವಿನ ಪಕ್ಕದಲ್ಲಿ ಕುಳಿತು ದೀಪ ಹಿಡಿಯಬಹುದು. ಸಹಿ ಮಾತ್ರ ಮಗುವಿನದೇ ಆಗಿರಬೇಕು.

ಅಲ್ಲಿ ಎಲ್ಲವೂ ಸುಲಭವಾಗಿಲ್ಲ. ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು, ಇಂಗ್ಲಿಷ್ ಪಾಠ ಹಿಡಿತಕ್ಕೆ ಸಿಗುತ್ತಿಲ್ಲವೆಂದು ಫೋನಿನಲ್ಲಿ ಅತ್ತಳು. "ವಾಪಸ್ ಬರ್ತೀಯೇನು?" ಎಂದು ಕೇಳಿದೆ. "ಇಲ್ಲ ಫಾದರ್, ಆರಿಸ್ಕೊಂಡಾಕಿ ನಾನೇ ಅಲ್ಲೇನು?" ಎಂದಳು.

ನಿಮ್ಮ ಮನೆಯಲ್ಲೂ ಒಂದು ಮಗು ಈ ವರ್ಷ ಪಟ್ಟಿಗಾಗಿ ಕಾಯುತ್ತಿರಬಹುದು. ಇಂದಿನ ರಾತ್ರಿಯ ಪ್ರಾರ್ಥನೆಯಲ್ಲಿ ಸೀಟು ಕೇಳುವ ಮುಂಚೆ ಆ ಮಗುವಿಗಾಗಿ ದೇವರಿಗೆ ಕೃತಜ್ಞತೆ ಹೇಳಿ, ಅದು ಮಗುವಿನ ಕಿವಿಗೂ ಬೀಳಲಿ. ಸುಬುದ್ಧಿಯನ್ನು ಕೊಡುವ ಪವಿತ್ರಾತ್ಮರು ನಿಮ್ಮ ಮನೆಯವರೆಲ್ಲರನ್ನೂ ನಡೆಸಲಿ.