ಕೂರಿಸಿದ ಕೀಲು ಕೂತಿದೆಯೇ?

ಕಳೆದ ಮಳೆಗಾಲದಲ್ಲಿ ಪುಣೆಯಲ್ಲಿ ನಮ್ಮ ಮಾಮು ಸ್ಕೂಟರಿನಿಂದ ಬಿದ್ದರು. ಮೊಣಕೈ ಕೀಲು ತಪ್ಪಿತ್ತು. ಆಸ್ಪತ್ರೆಯಲ್ಲಿ ಮಂಪರಿನ ಔಷಧಿ ಕೊಟ್ಟು, ಎಳೆದು ಕೂರಿಸಿದರು. ಆಮೇಲೆ ಇನ್ನೊಂದು ಎಕ್ಸ್‌ರೇ ಅಂದಾಗ ಮನೆಯವರೆಲ್ಲ ಗೊಣಗಿದರು: ಕೂತ್ಕೊಂಡಿದೆಯಲ್ಲ, ಮತ್ತ್ಯಾಕೆ ದುಡ್ಡು? ಅವರ ಜೊತೆ ನಾನೂ ಗೊಣಗಿದೆ. ನೀವಾದರೂ ಹಾಗೆ ಮಾಡಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ದೊಡ್ಡವರಲ್ಲಿ ಭುಜ ಬಿಟ್ಟರೆ ಹೆಚ್ಚಾಗಿ ತಪ್ಪುವ ದೊಡ್ಡ ಕೀಲು ಮೊಣಕೈಯೇ. ಸಾಮಾನ್ಯವಾಗಿ ಮುಂಗೈಯ ಎರಡೂ ಮೂಳೆಗಳು ಹಿಂದಕ್ಕೆ ಜಾರುತ್ತವೆ, ಜಾರುವಾಗ ಅಕ್ಕಪಕ್ಕದ ಲಿಗಮೆಂಟುಗಳು ಹರಿಯುತ್ತವೆ. ಲಿಗಮೆಂಟು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮೂಳೆಗಳ ನಡುವಿನ ಸಂದು ಕಾಣುತ್ತದೆ. ಡಾಕ್ಟರು ನೋಡುವುದು ಅದನ್ನೇ.

ತೋಳಿನ ಮೂಳೆಯ ತುದಿ ಬಾವಿಯ ರಾಟೆಯ ಹಾಗೆ ದುಂಡಗಿದೆ, ಮುಂಗೈಯ ಅಲ್ನಾ ಮೂಳೆ ಅದನ್ನು ಕೊಕ್ಕೆಯಂತೆ ತಬ್ಬಿಕೊಂಡಿರುತ್ತದೆ. ಕೈಯನ್ನು ಎಳೆಯದೆ, ಒತ್ತದೆ, ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಇವೆರಡರ ನಡುವೆ 4 ಮಿಲಿಮೀಟರ್ ಅಥವಾ ಹೆಚ್ಚು ಸಂದು ಇದ್ದರೆ ಅದಕ್ಕೆ 'ಡ್ರಾಪ್ ಸೈನ್' ಅಂತಾರೆ. ಅಮೆರಿಕದ ಕೂನ್ರಾಡ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ಎಚ್ಚರಿಕೆಯ ಗುರುತು ಎಂದು ವಿವರಿಸಿದರು. ಆದರೆ ಮೊದಲ ದಿನವೇ ಕಂಡರೆ ಗಾಬರಿ ಬೇಡ. ಮಂಪರಿನಲ್ಲೋ ನೋವಿನಲ್ಲೋ ಸ್ನಾಯುಗಳು ಸಡಿಲಾಗಿ ಕೈ ಜೋತುಬಿದ್ದಿರಬಹುದು. ಸ್ನಾಯುಗಳು ಕೆಲಸ ಶುರುಮಾಡಿದ ಮೇಲೂ ಸಂದು ಉಳಿದರೆ ಮಾತ್ರ ಕೀಲು ಸಡಿಲವಾಗಿದೆ ಅನ್ನುವ ಅನುಮಾನ ಬಲವಾಗುತ್ತದೆ.

ಇನ್ನೊಂದು ಗುರುತು: ರೇಡಿಯಸ್ ಮೂಳೆಯ ನಡುವೆ ಗೆರೆ ಎಳೆದರೆ ಅದು ಎದುರಿನ ದುಂಡು ಭಾಗಕ್ಕೆ, ಅಂದರೆ ಕ್ಯಾಪಿಟೆಲಮ್‌ಗೆ, ಎಲ್ಲ ಕೋನದಲ್ಲೂ ಮುಟ್ಟಬೇಕು. ಮುಟ್ಟದಿದ್ದರೆ ಕೀಲು ಸರಿಯಾಗಿ ಕೂತಿಲ್ಲ. ಒಳಗೆ ಮೂಳೆಯ ಚೂರು ಸಿಕ್ಕಿಕೊಂಡರೂ ಸಂದು ಮುಚ್ಚುವುದಿಲ್ಲ, ಆಗ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಕೀಲು ತಪ್ಪಿದ್ದರ ಜೊತೆ ರೇಡಿಯಸ್‌ನ ತಲೆ ಮತ್ತು ಅಲ್ನಾದ ಮುಂದಿನ ಮೊನೆ ಎರಡೂ ಮುರಿದಿದ್ದರೆ ವೈದ್ಯರೇ ಅದನ್ನು 'ಟೆರಿಬಲ್ ಟ್ರಯಡ್' ಅನ್ನುತ್ತಾರೆ. ಹೆಚ್ಚಿನವರಿಗೆ ಆಪರೇಷನ್ ಬೇಕು.

ಇಷ್ಟೆಲ್ಲ ನೋಡುವುದು ಯಾಕೆ? ಗಟ್ಟಿ ಕೂತ ಕೀಲನ್ನು ಬೇಗ ಆಡಿಸಬೇಕು. ಮೂರು ವಾರಕ್ಕಿಂತ ಹೆಚ್ಚು ಕಟ್ಟಿಟ್ಟರೆ ಕೈ ಪೂರ್ತಿ ಚಾಚಲಾಗದಂತೆ ಬಿಗಿಯುತ್ತದೆ. ಸಡಿಲ ಕೀಲನ್ನು ಮನಸ್ಸಿಗೆ ಬಂದಂತೆ ಆಡಿಸಿದರೆ ಮತ್ತೆ ಜಾರುತ್ತದೆ. ಎರಡರ ವ್ಯತ್ಯಾಸ ಹೊರಗಿನ ಕಣ್ಣಿಗೆ ಸದಾ ತಿಳಿಯುವುದಿಲ್ಲ. ನಮ್ಮ ಕಡೆಯವರಿಗೆ ಎಣ್ಣೆ ಹಚ್ಚಿ ತಿಕ್ಕಿಸುವ ಚಾಳಿ ಬೇರೆ. ಪೆಟ್ಟಾದ ಮೊಣಕೈಯನ್ನು ಬಲವಾಗಿ ತಿಕ್ಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆಯಬಹುದು.

ಮಾಮುವಿನ ಮೊದಲ ಎಕ್ಸ್‌ರೇಯಲ್ಲಿ ಸಂದು ಇತ್ತು. ವಾರದ ನಂತರ ತೆಗೆದದ್ದರಲ್ಲಿ ಮುಚ್ಚಿತ್ತು, ಅವತ್ತೇ ವ್ಯಾಯಾಮ ಶುರುಮಾಡಿಸಿದರು. ಈಗಲೂ ಕೈ ಸ್ವಲ್ಪ ನೆಟ್ಟಗಾಗುವುದಿಲ್ಲ, ಆದರೆ ಸ್ಕೂಟರ್ ಬಿಟ್ಟಿಲ್ಲ.